ಮಂಗಳವಾರದ ಎರಡು ಸರದಿಗಳು

ಮಂಗಳವಾರ ಬೆಳಿಗ್ಗೆ ಮುನಿರಾಬಾದ್ ನಿಲ್ದಾಣದಲ್ಲಿ ರೈಲು ಇಳಿದವರಲ್ಲಿ ಬಹಳಷ್ಟು ಜನ ಕೊಪ್ಪಳ ಜಿಲ್ಲೆಯ ಹುಲಿಗಿಯ ಕಡೆಗೆ ಹೆಜ್ಜೆ ಹಾಕುತ್ತಾರೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಎಂದರೆ ಅಲ್ಲಿನ ದೇವಿ ಹುಲಿಗೆಮ್ಮನ ದಿನಗಳು. ತುಂಗಭದ್ರೆಯಲ್ಲಿ ಮಿಂದು ಸರದಿಯಲ್ಲಿ ನಿಂತವರ ನಡುವೆ ಮಕ್ಕಳಾಗದವರಿದ್ದಾರೆ, ಸಾಲ ತೀರದವರಿದ್ದಾರೆ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಎದ್ದು ಕೂರುವ ಮಗಳನ್ನು ಕೈ ಹಿಡಿದು ಕರೆತಂದ ತಾಯಂದಿರಿದ್ದಾರೆ. ಅದೇ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಇನ್ನೊಂದು ಸರದಿ ಇರುತ್ತದೆ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಕೇಂದ್ರಕ್ಕೆ ಬಂದು ರೋಗಿಗಳನ್ನು ನೋಡಲು ಗೊತ್ತುಮಾಡಿದ ವಾರವೂ ಮಂಗಳವಾರವೇ.

ವಾರ ಒಂದೇ ಆದದ್ದು ಆಕಸ್ಮಿಕ. ಆದರೆ ಎರಡೂ ಸರದಿಯಲ್ಲಿ ನಿಲ್ಲುವವರು ಎಷ್ಟೋ ಸಲ ಅದೇ ಜನ. ಹೋದ ವಾರ ಹುಲಿಗಿಗೆ ಹೋಗಿಬಂದ ಕುಟುಂಬ ಈ ವಾರ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿರುತ್ತದೆ. ಕೈಚೀಲದಲ್ಲಿ ಭಂಡಾರದ, ಅಂದರೆ ದೇವಿಯ ಅರಿಶಿನದ, ಪೊಟ್ಟಣವೂ ಮಾತ್ರೆಯ ಚೀಟಿಯೂ ಒಟ್ಟಿಗಿರುತ್ತವೆ. ವೈದ್ಯರ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಭಂಡಾರದ ಮಾತು ನಿಂತುಹೋಗುತ್ತದೆ. ಹೇಳಿದರೆ ಬೈಯುತ್ತಾರೆ ಎಂಬ ಅಂಜಿಕೆ. ಪೂಜಾರಿಯ ಮುಂದೆ ಮಾತ್ರೆಯ ಮಾತೂ ಹೀಗೆಯೇ ಅಡಗಿಕೊಳ್ಳುತ್ತದೆ. ಎರಡು ಕಡೆಯೂ ಅರ್ಧ ಕಥೆ ಹೇಳಿ ಮನೆಗೆ ಮರಳುವ ಈ ಜನರ ಎದುರು ಕೂರಬೇಕಾದ ಆಪ್ತ ಸಮಾಲೋಚಕರನ್ನು, ಅಂದರೆ ಕೌನ್ಸೆಲರ್‌ಗಳನ್ನು, ನಾವು ಹೇಗೆ ತಯಾರು ಮಾಡುತ್ತಿದ್ದೇವೆ ಎಂಬುದೇ ನನ್ನ ಪ್ರಶ್ನೆ.

ಪ್ರಶ್ನೆ ಈಗ ತುರ್ತಿನದು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ತೀರ್ಪು ಕೊಡುತ್ತಾ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹತೆಯುಳ್ಳ ಒಬ್ಬ ಆಪ್ತ ಸಮಾಲೋಚಕರನ್ನಾದರೂ, ಮನಶ್ಶಾಸ್ತ್ರಜ್ಞರನ್ನಾದರೂ, ಸಮಾಜ ಕಾರ್ಯಕರ್ತರನ್ನಾದರೂ ನೇಮಿಸಿಕೊಳ್ಳಬೇಕು ಎಂದಿತು. ಅದಕ್ಕೂ ಮೊದಲು, 2021ರ ಕೇಂದ್ರ ಕಾಯ್ದೆಯೊಂದು ಆಪ್ತ ಸಮಾಲೋಚಕರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿತ್ತು. 2022ರ ಅಕ್ಟೋಬರ್ 10ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ರಾಯಚೂರು, ಕೊಪ್ಪಳ, ಬಳ್ಳಾರಿಯ ಕಾಲೇಜುಗಳು, ವಸತಿ ಶಾಲೆಗಳು, ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳು, ಸಾಂತ್ವನ ಕೇಂದ್ರಗಳು, ಕೌಟುಂಬಿಕ ನ್ಯಾಯಾಲಯಗಳು ಎಲ್ಲೆಡೆಯೂ ‘ಆಪ್ತ ಸಮಾಲೋಚನೆ’ ಎಂಬ ಫಲಕ ಕಾಣುವ ಕಾಲ ಬಂದಿದೆ. ಅವಶ್ಯಕತೆಯೂ ಸಣ್ಣದಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯ ವ್ಯಸನವುಳ್ಳ ನೂರು ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ.

ಈ ವಿಷಯದಲ್ಲಿ ನಮ್ಮ ನೆಲಕ್ಕೆ ಒಂದು ಹಿರಿಮೆಯಿದೆ, ಅದನ್ನು ನಾವೇ ಮರೆತಿದ್ದೇವೆ. ಇಂದು ದೇಶದಾದ್ಯಂತ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಬಳ್ಳಾರಿಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ ಐದು ವರ್ಷ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಿಗೆ ಊರ ಹತ್ತಿರವೇ ಔಷಧಿ ಸಿಗಬಹುದು ಎಂಬುದನ್ನು ತೋರಿಸಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದನ್ನು ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರಮಟ್ಟದ ಕಾರ್ಯಕ್ರಮ ಆರಂಭಿಸಿತು. ಮಾತ್ರೆಯನ್ನು ಹಳ್ಳಿಗೆ ಮುಟ್ಟಿಸುವ ದಾರಿ ಅಂದು ತೆರೆಯಿತು. ಮಾತನ್ನು ಮುಟ್ಟಿಸುವ ದಾರಿ ಇನ್ನೂ ಅರ್ಧಕ್ಕೇ ನಿಂತಿದೆ.

ಬುದ್ಧಿ ಹೇಳುವ ಕುರ್ಚಿ

‘ಕೌನ್ಸೆಲಿಂಗ್’ ಎಂದರೆ ನಮ್ಮ ಕಡೆಯ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಸಿಇಟಿ ಸೀಟು. ಶಿಕ್ಷಕರಿಗೆ ನೆನಪಾಗುವುದು ವರ್ಗಾವಣೆ. ಮನಸ್ಸಿನ ಕೌನ್ಸೆಲಿಂಗ್ ಎಂದು ಬಿಡಿಸಿ ಹೇಳಿದರೆ, “ಸ್ವಲ್ಪ ಬುದ್ಧಿ ಹೇಳಿ ಕಳಿಸಿ” ಎನ್ನುತ್ತಾರೆ. ಪಾಲಕರು ಮಗನನ್ನು ಕರೆತರುವುದು ಬುದ್ಧಿ ಹೇಳಿಸಲಿಕ್ಕೆ, ಪೊಲೀಸರು ಗಂಡ ಹೆಂಡತಿಯನ್ನು ಕಳುಹಿಸುವುದು ಬುದ್ಧಿ ಹೇಳಿಸಲಿಕ್ಕೆ. ಕುರ್ಚಿಯ ಆ ಬದಿಯಲ್ಲಿ ಕುಳಿತವರು ಅದನ್ನೇ ತಮ್ಮ ಕೆಲಸವೆಂದು ಒಪ್ಪಿಕೊಂಡುಬಿಟ್ಟರೆ, ಆಪ್ತ ಸಮಾಲೋಚನೆ ಅಲ್ಲಿಗೇ ಮುಗಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲೇ ಹೇಳಿದ ಮಾತು ಈ ವೃತ್ತಿಯ ಬುನಾದಿಯಾಗಿ ಉಳಿದಿದೆ: ಎದುರಿಗಿರುವವರನ್ನು ಷರತ್ತಿಲ್ಲದೆ ಗೌರವಿಸಬೇಕು, ಅವರ ನೋವನ್ನು ಅವರ ಜಾಗದಲ್ಲಿ ನಿಂತು ಅರಿಯಬೇಕು, ತಾನು ಮುಖವಾಡ ಹಾಕಿಕೊಳ್ಳಬಾರದು. ಪಠ್ಯದಲ್ಲಿ ಇದನ್ನು ಓದಿ ಅಂಕ ಪಡೆಯುವುದು ಸುಲಭ. ನಾವು ಹುಟ್ಟಿ ಬೆಳೆದ ಮನೆಯ ಮೌಲ್ಯಗಳು ಬಾಯಿಗೆ ಬರುವ ಹೊತ್ತಿನಲ್ಲಿ ಇದನ್ನು ಪಾಲಿಸುವುದು ಕಷ್ಟ.

ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ಮಾನ್ವಿ ಕಡೆಯ ಒಬ್ಬ ಹೆಣ್ಣುಮಗಳು, ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದಾಳೆ. ಎದುರಿಗೆ ಕುಳಿತ ಸಮಾಲೋಚಕಿ ಅವಳಿಗಿಂತ ಹತ್ತು ವರ್ಷ ಹಿರಿಯಳು, ಮನಸ್ಸು ಒಳ್ಳೆಯದೇ. “ನೋಡು ತಂಗಿ, ಸಂಸಾರ ಅಂದಮೇಲೆ ಹೊಂದಿಕೊಂಡು ಹೋಗಬೇಕು. ಎರಡು ಮಕ್ಕಳ ಮುಖ ನೋಡು” ಎನ್ನುತ್ತಾಳೆ. ಮಾತಿನಲ್ಲಿ ಕಾಳಜಿಯಿದೆ. ಆದರೆ ಆ ಕ್ಷಣದಲ್ಲಿ ಆಕೆ ಒಂದು ಮೌಲ್ಯವನ್ನು, ಅಂದರೆ ಹೆಣ್ಣಿನ ಸಹನೆಯಿಂದಲೇ ಮನೆ ನಿಲ್ಲುತ್ತದೆ ಎಂಬ ಮೌಲ್ಯವನ್ನು, ಚಿಕಿತ್ಸೆಯ ಹೆಸರಿನಲ್ಲಿ ಅವಳ ತಲೆಯ ಮೇಲೆ ಹೊರಿಸಿದ್ದಾಳೆ. ತವರಿನಲ್ಲಿ ಅತ್ತಿಗೆ ಹೇಳಿದ್ದನ್ನೇ, ಊರಿನಲ್ಲಿ ಹಿರಿಯರು ಹೇಳಿದ್ದನ್ನೇ ಈಗ ಸರ್ಕಾರದ ಕುರ್ಚಿಯೂ ಹೇಳಿದಂತಾಯಿತು. ಇನ್ನು ಅವಳು ಎಲ್ಲಿಗೆ ಹೋಗಬೇಕು? ಕಾನೂನು ಈ ಅಪಾಯವನ್ನು ಮೊದಲೇ ಊಹಿಸಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆಯಡಿ ರೂಪಿಸಿದ 2006ರ ನಿಯಮಗಳು, ಆಪ್ತ ಸಮಾಲೋಚನೆಯ ವೇಳೆ ಹಿಂಸೆಯನ್ನು ಸಮರ್ಥಿಸಿಕೊಳ್ಳಲು ಎದುರುಪಕ್ಷದವರಿಗೆ ಅವಕಾಶ ಕೊಡಕೂಡದು ಎಂದು ಸ್ಪಷ್ಟವಾಗಿ ಹೇಳುತ್ತವೆ. ‘ಅವಳು ಎದುರು ಮಾತಾಡಿದಳು, ಅದಕ್ಕೇ ಹೊಡೆದೆ’ ಎಂಬ ವಾದಕ್ಕೆ ಆ ಕೋಣೆಯಲ್ಲಿ ಜಾಗವಿಲ್ಲ. ಗಂಡನಿಗೇ ಅವಕಾಶವಿಲ್ಲದ ಆ ಸಮರ್ಥನೆಯನ್ನು ಸಮಾಲೋಚಕಿಯೇ ಮೃದು ಮಾತಿನಲ್ಲಿ ಮಂಡಿಸಿದರೆ ನಿಯಮ ಯಾರನ್ನು ಕಾಯುತ್ತದೆ?

ಇದರ ಇನ್ನೊಂದು ತುದಿಯ ತಪ್ಪೂ ಇದೆ, ಅದರ ಬಗ್ಗೆ ಕಡಿಮೆ ಮಾತಾಡುತ್ತೇವೆ. ನಗರದಲ್ಲಿ ಓದಿ ಬಂದ ಸಮಾಲೋಚಕರು ಪುಸ್ತಕದಲ್ಲಿ ಕಲಿತಂತೆ, “ನಿನಗೆ ಏನು ಬೇಕು? ನಿನ್ನ ನಿರ್ಧಾರ ಏನು?” ಎಂದು ಕೇಳುತ್ತಾರೆ. ಹದಿನಾರು ವರ್ಷದ ಹುಡುಗಿ ನೆಲ ನೋಡುತ್ತಾಳೆ. ‘ನನಗೆ’ ಎಂದು ಬಾಯಿಬಿಟ್ಟು ಕೇಳುವುದನ್ನು ಅವಳಿಗೆ ಯಾರೂ ಕಲಿಸಿಲ್ಲ. ಅವಳ ಮಾತಿನಲ್ಲಿ ‘ನಮ್ಮ ಮನೆಯಲ್ಲಿ’, ‘ನಮ್ಮವರು’ ಎಂಬವೇ ಕರ್ತೃಗಳು. ಕಡತದಲ್ಲಿ ‘ಸಹಕರಿಸುತ್ತಿಲ್ಲ’ ಎಂದು ದಾಖಲಾಗುತ್ತದೆ. ಅದೇ ಹುಡುಗಿಗೆ, “ಮನೆಯಲ್ಲಿ ನಿನ್ನ ಪರವಾಗಿ ಮಾತಾಡುವವರು ಯಾರು?” ಎಂದು ಕೇಳಿ ನೋಡಿ. ಅಜ್ಜಿಯ ಹೆಸರೋ, ಚಿಕ್ಕಪ್ಪನ ಹೆಸರೋ ಹೊರಬರುತ್ತದೆ. ಅಲ್ಲಿಂದ ದಾರಿ ತೆರೆಯುತ್ತದೆ. ಕುಟುಂಬವೇ ಕಟ್ಟಿಹಾಕುವ ಹಗ್ಗವಾಗಿರುವ ಕಡೆ, ಬಿಚ್ಚುವ ಕೈಯೂ ಅದೇ ಕುಟುಂಬದೊಳಗೆ ಸಿಗಬಹುದು. ಆದರೆ ಯಾವ ಕೈ ಎಂಬುದನ್ನು ತಿಳಿಯಲು ಊರಿನ ನಂಟಿನ ಬಲೆ ಗೊತ್ತಿರಬೇಕು. ಸೋದರಮಾವನಿಗೇ ಹೆಣ್ಣು ಕೊಡುವ ರೂಢಿ ಇರುವ ನಮ್ಮ ಭಾಗದಲ್ಲಿ, ‘ಮಾವನನ್ನು ಕರೆಸಿ ಮಾತಾಡೋಣ’ ಎಂದು ಹೊರಗಿನಿಂದ ಬಂದವರು ಹೇಳಿದರೆ, ಹುಡುಗಿ ಯಾರಿಗೆ ಹೆದರಿ ಬಂದಿದ್ದಾಳೋ ಅವನನ್ನೇ ಕೋಣೆಗೆ ಕರೆತಂದಂತಾದೀತು.

ಬಾಲ್ಯ ವಿವಾಹದ ಪ್ರಸಂಗದಲ್ಲಿ ಸಮಾಲೋಚಕರಿಗೆ ತಟಸ್ಥರಾಗಿರುವ ಸ್ವಾತಂತ್ರ್ಯವೂ ಇಲ್ಲ. ರಾಜ್ಯದ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಬಾಲ್ಯ ವಿವಾಹ ನಡೆದ ಕ್ಷಣದಿಂದಲೇ ಅಸಿಂಧು. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಹಾಗಿರುವಾಗ ‘ನೀನು ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತದೆ’ ಎಂದು ಮೊದಲು ಮಾತು ಕೊಟ್ಟು, ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಆ ಮಗುವಿಗೆ ಎರಡನೆಯ ಸಲ ಮಾಡಿದ ಮೋಸ. ಯಾವುದನ್ನು ಗುಟ್ಟಾಗಿ ಇಡಬಲ್ಲೆ, ಯಾವುದನ್ನು ಇಡಲಾರೆ ಎಂಬುದನ್ನು ಮಾತು ಆರಂಭಿಸುವ ಮೊದಲೇ, ಅವಳಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕು.

ಇನ್ನು ಜಾತಿ. ರಾಯಚೂರು ಸೀಮೆಯಲ್ಲಿ ಪರಿಚಯ ಆರಂಭವಾಗುವುದೇ “ಯಾವ ಊರು? ಅಡ್ಡಹೆಸರು ಏನು? ಯಾರ ಪೈಕಿ?” ಎಂಬ ಮೂರು ಪ್ರಶ್ನೆಗಳಿಂದ. ಕೇಳುವವರಿಗೆ ಅದು ಸಲಿಗೆ. ಉತ್ತರ ಕೊಡುವವರಲ್ಲಿ ಕೆಲವರಿಗೆ ಅದು ಎದೆ ಬಿಗಿಹಿಡಿಯುವ ಗಳಿಗೆ. ಸಮಾಲೋಚನೆಯ ಕೋಣೆಯಲ್ಲೂ ಮಾತು ಇದೇ ರೂಢಿಯಿಂದ ಆರಂಭವಾದರೆ ದಲಿತ ವಿದ್ಯಾರ್ಥಿಯೊಬ್ಬ ಅಲ್ಲಿಯೇ ಅರ್ಧ ಬಾಗಿಲು ಮುಚ್ಚಿಕೊಳ್ಳುತ್ತಾನೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹತ್ತು ವರ್ಷ ಆ ಕೇರಿಯ ಮಕ್ಕಳು ಹೇಗೆ ಮಲಗಿದರು, ಹೇಗೆ ಓದಿದರು? ಅಂಥ ಕೇರಿಯಿಂದ ಬಂದ ಹುಡುಗ ತರಗತಿಯಲ್ಲಿ ಬೆಚ್ಚುತ್ತಾನೆ, ಸಿಟ್ಟಾಗುತ್ತಾನೆ ಎಂದರೆ ‘ಆತ್ಮವಿಶ್ವಾಸದ ಕೊರತೆ’ ಎಂದು ಬರೆದು ಎರಡು ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ಅನ್ಯಾಯ. ಅವನ ಭಯಕ್ಕೆ ಹೊರಗೆ ಕಾರಣವಿತ್ತು. ಅದನ್ನು ಒಪ್ಪಿಕೊಂಡ ಮೇಲಷ್ಟೇ ಉಸಿರಾಟದ ಮಾತು.

ನಂಬಿಕೆಯ ಭಾಷೆ

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದ ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ಸಲ್ಲುತ್ತದೆ. ದೇವರ ಹೇಳಿಕೆ ಕೇಳುವುದು ಎಂದಾಗ ಎರಡೂ ಅರ್ಥ ಒಟ್ಟಿಗಿರುತ್ತವೆ: ತನ್ನ ಕಷ್ಟವನ್ನು ಮುಂದಿಟ್ಟು ಪ್ರಶ್ನಿಸುತ್ತಾರೆ, ಬಂದ ಮಾತಿಗೆ ಕಿವಿಗೊಡುತ್ತಾರೆ. ನಂಬಿಕೆಯ ವಿಷಯದಲ್ಲಿ ಸಮಾಲೋಚಕರಿಗೆ ಬೇಕಾದದ್ದೂ ಈ ಎರಡು ಕೆಲಸ ಕೂಡಿದ ಕೇಳುವಿಕೆ. “ಈ ಕಷ್ಟ ಯಾಕೆ ಬಂತು ಎಂದು ನಿಮಗೆ ಅನ್ನಿಸುತ್ತದೆ? ಇದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?” ಎಂದು ಕೇಳುವುದು ಈಗ ವೈದ್ಯಶಾಸ್ತ್ರವೇ ಒಪ್ಪಿದ ಪದ್ಧತಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿ, ಡಿಎಸ್‌ಎಂ-5, ರೋಗಿಯ ಸಂಸ್ಕೃತಿ ಮತ್ತು ನಂಬಿಕೆಯನ್ನು ಅರಿಯಲೆಂದೇ 16 ಪ್ರಶ್ನೆಗಳ ಸಂದರ್ಶನವೊಂದನ್ನು ಸೇರಿಸಿಕೊಂಡಿದೆ.

ನಮ್ಮ ಕಡೆಯ ಜನ ‘ನನಗೆ ಖಿನ್ನತೆ ಇದೆ’ ಎಂದು ಹೇಳಿಕೊಂಡು ಬರುವುದು ಕಡಿಮೆ. ತಲೆ ಭಾರ, ಎದೆಯಲ್ಲಿ ಸಂಕಟ, ಕೈಕಾಲಿನಲ್ಲಿ ಶಕ್ತಿಯಿಲ್ಲ, ಜೀವ ಹಾರಿದಂತಾಗುತ್ತದೆ ಎನ್ನುತ್ತಾರೆ. ಇಲ್ಲವೇ ‘ವಿಚಾರ ಬಹಳ ಆಗಿದೆ’ ಎನ್ನುತ್ತಾರೆ. ಈ ಭಾಗದಲ್ಲಿ ವಿಚಾರ ಎಂದರೆ ಚಿಂತೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಶೋನಾ ಭಾಷೆಯವರು ಇದನ್ನೇ ‘ಕುಫುಂಗಿಸಿಸಾ’, ಅಂದರೆ ಅತಿಯಾಗಿ ಯೋಚಿಸುವುದು, ಎನ್ನುತ್ತಾರೆ. ಮನೋವೈದ್ಯ ಡಿಕ್ಸನ್ ಚಿಬಾಂಡ ಆ ಪದವನ್ನು ತಿದ್ದಲು ಹೋಗಲಿಲ್ಲ. ಅದನ್ನೇ ಹಿಡಿದು, ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಬೆಂಚು ಹಾಕಿಸಿ, ತರಬೇತಿ ಪಡೆದ ಅಜ್ಜಿಯರನ್ನು ಅಲ್ಲಿ ಕೂರಿಸಿದರು. ಆ ಬೆಂಚಿನ ಮಾತುಕತೆಯಿಂದ ಜನರ ಬಳಲಿಕೆ ಕಡಿಮೆಯಾದದ್ದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಬೀತಾಯಿತು. ನಮ್ಮ ‘ವಿಚಾರ’ಕ್ಕೂ ಅಂಥದ್ದೊಂದು ಬೆಂಚು ಸಾಧ್ಯವಿದೆ.

ನಂಬಿಕೆ ನೋವಿಗೆ ಮುಲಾಮಾಗುತ್ತದೆಯೇ ಎಂದು ಕೇಳಿದರೆ, ಬಹಳ ಸಲ ಆಗುತ್ತದೆ ಎಂದೇ ಹೇಳಬೇಕು. ತಮಿಳುನಾಡಿನ ಒಂದು ದೇವಾಲಯದಲ್ಲಿ ಉಳಿದುಕೊಂಡಿದ್ದ, ತೀವ್ರ ಮನೋರೋಗವಿದ್ದ 31 ಜನರನ್ನು ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಸರಾಸರಿ ಆರು ವಾರದ ವಾಸದ ನಂತರ ರೋಗಲಕ್ಷಣಗಳ ಅಳತೆ ನೂರಕ್ಕೆ ಸುಮಾರು ಇಪ್ಪತ್ತರಷ್ಟು ಇಳಿದಿತ್ತು. 2002ರಲ್ಲಿ ಪ್ರಕಟವಾದ ಆ ಬರಹದಲ್ಲಿ ಅವರು ಯಾವ ಪವಾಡವನ್ನೂ ಹೇಳಲಿಲ್ಲ. ಬೈಯದ, ಅಟ್ಟದ, ಆಸರೆ ಕೊಡುವ ಪರಿಸರದ ಫಲ ಅದು ಎಂದರು. ಇದನ್ನು ಓದುವಾಗ ನನಗೆ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹ ನೆನಪಾಗುತ್ತದೆ. ಸಾವಿರಾರು ಜನರ ನಡುವೆ ಒಬ್ಬಂಟಿ ಮುದುಕಿಯೊಬ್ಬಳು ಯಾರ ಹಂಗೂ ಇಲ್ಲದೆ ಎಲೆಯ ಮುಂದೆ ಕೂರುತ್ತಾಳೆ. ಮುದಗಲ್ಲಿನ ಮೊಹರಂ ನೆನಪಾಗುತ್ತದೆ; ಅಲ್ಲಿ ಆಲಮಿಗೆ ಹರಕೆ ಹೊತ್ತವರಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ಬೇರ್ಪಡಿಸುವುದು ಕಷ್ಟ. ಮಾನ್ವಿ, ದೇವದುರ್ಗ ಸೀಮೆಯ ದಾಸರ ಪದಗಳಾಗಲಿ, ರಾತ್ರಿಯಿಡೀ ಏಕತಾರಿ ಹಿಡಿದು ಹಾಡುವ ತತ್ವಪದಗಳಾಗಲಿ, ದುಃಖವನ್ನು ನಾಲ್ಕು ಜನರ ಮುಂದೆ ನಾಚಿಕೆಯಿಲ್ಲದೆ ಹೊರಹಾಕುವ ದಾರಿ ಕಟ್ಟಿಕೊಟ್ಟಿವೆ. ಗಂಡಸರು ಅಳಬಾರದು ಎನ್ನುವ ಊರಿನಲ್ಲಿ ಭಜನೆಯಲ್ಲಿ ಅಳುವ ಗಂಡಸರಿದ್ದಾರೆ. ಸಮಾಲೋಚಕರಿಗೆ ಇದು ಗೊತ್ತಿರಬೇಕು. “ಭಜನೆಗೆ ಹೋಗುವುದನ್ನು ಯಾವಾಗ ಬಿಟ್ಟಿರಿ?” ಎಂಬ ಒಂದು ಪ್ರಶ್ನೆ, ಕೆಲವೊಮ್ಮೆ ಖಿನ್ನತೆ ಎಂದು ಆರಂಭವಾಯಿತು ಎಂಬುದನ್ನು ಯಾವ ಪ್ರಶ್ನಾವಳಿಗಿಂತ ಚೆನ್ನಾಗಿ ತಿಳಿಸುತ್ತದೆ.

ಆದರೆ ಅದೇ ನಂಬಿಕೆ ಚುಚ್ಚಲೂಬಲ್ಲದು. ‘ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ’ ಎಂಬ ಭಾವನೆ ಹೊತ್ತವರ ಸ್ಥಿತಿ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಆಸ್ಪತ್ರೆಯಲ್ಲಿದ್ದ ವೃದ್ಧರನ್ನು ಎರಡು ವರ್ಷ ಹಿಂಬಾಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇವರೊಂದಿಗೆ ಇಂಥ ಮುನಿಸು ಇದ್ದವರಲ್ಲಿ ಸಾವಿನ ಅಪಾಯ ಹೆಚ್ಚಿದ್ದುದು ಕಂಡುಬಂತು. ನಮ್ಮಲ್ಲಿ ಇದಕ್ಕೆ ‘ಹರಕೆ ತೀರಿಸಲಿಲ್ಲ, ಅದಕ್ಕೇ ಮಗು ಹೋಯಿತು’ ಎಂಬ ರೂಪವಿದೆ. ‘ಹಿಂದಿನ ಜನ್ಮದ ಪಾಪ’ ಎಂಬ ರೂಪವಿದೆ. ಮಗುವನ್ನು ಕಳೆದುಕೊಂಡ ತಾಯಿಗೆ “ಅದೆಲ್ಲ ಮೂಢನಂಬಿಕೆ” ಎಂದರೆ ಅವಳ ಪಾಪಭಾರ ಇಳಿಯುವುದಿಲ್ಲ; ಹೇಳಿಕೊಳ್ಳಲು ಇದ್ದ ಒಂದು ಕಿವಿಯೂ ಹೋಗುತ್ತದೆ. “ಎಲ್ಲಾ ಅವನ ಇಚ್ಛೆ” ಎಂದರೂ ಅಷ್ಟೇ. “ನೀವು ನಂಬುವ ಅಮ್ಮ ಇಷ್ಟು ಕಠಿಣಳೇ? ಬೇರೆಯವರ ಹರಕೆ ತಡವಾದಾಗ ಏನಾಯಿತು?” ಎಂದು ಅವಳ ನಂಬಿಕೆಯೊಳಗೇ ಇರುವ ಕರುಣೆಯ ಮುಖವನ್ನು ಹುಡುಕಲು ನೆರವಾಗುವುದು ಸಮಾಲೋಚಕರ ಕೆಲಸ. ಉತ್ತರ ಅವಳಿಂದಲೇ ಬರಬೇಕು.

ಕೆಲವು ಗೆರೆಗಳನ್ನು ಮಾತ್ರ ಗಟ್ಟಿಯಾಗಿ ಎಳೆಯಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಹತ್ತಿರದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಂ ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ದೆವ್ವ ಬಿಡಿಸುವ ಹೆಸರಿನ ಹೊಡೆತವನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಅಪರಾಧವೆಂದಿದೆ. ಫಿಟ್ಸ್ ಬರುವ ಮಗುವಿನ ಮಾತ್ರೆ ನಿಲ್ಲಿಸಿ ತಾಯತ ಕಟ್ಟಿದರೆ ಮೌನವಾಗಿರುವಂತಿಲ್ಲ. ತಾಯತವೂ ಇರಲಿ, ಮಾತ್ರೆಯೂ ತಪ್ಪದಿರಲಿ ಎಂಬ ಒಪ್ಪಂದಕ್ಕೆ ಬರುವುದು ಸೋಲಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ ಮತ್ತು ದುವಾ’ ಎಂದು ಮದ್ದನ್ನೂ ಪ್ರಾರ್ಥನೆಯನ್ನೂ ಒಂದೇ ಅಂಗಳದಲ್ಲಿ ಇಟ್ಟು ನಡೆಸಿದ ಪ್ರಯೋಗ ಇದೇ ದಾರಿಯದು. ಹುಲಿಗಿಯ ಆವರಣದಲ್ಲೂ ಹುಣ್ಣಿಮೆಯ ದಿನ ಒಂದು ಮೇಜು, ಒಬ್ಬ ನರ್ಸ್, ಒಬ್ಬ ಸಮಾಲೋಚಕಿ ಇರಬಾರದೇಕೆ?

ಮೈಮೇಲೆ ದೇವರು ಬಂದಳು ಎಂದ ಮಾತ್ರಕ್ಕೆ ಅದು ರೋಗವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿ, ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ಮೈತುಂಬುವುದನ್ನು ಕಾಯಿಲೆಯಿಂದ ಹೊರಗಿಟ್ಟಿದೆ. ವಾರವಲ್ಲದ ವಾರ, ಬೇಡವೆಂದರೂ, ಬದುಕು ಕೆಡುವಷ್ಟು ಬಂದರೆ ಆಗ ನೋಡಬೇಕು. ಸೊಸೆಯ ಮೈಮೇಲೆ ಬಂದ ದೇವಿ ಅತ್ತೆಗೆ ಏನು ಹೇಳಿದಳು ಎಂಬುದನ್ನೂ ಗಮನವಿಟ್ಟು ಕೇಳಬೇಕು. ಸೊಸೆಗೆ ತನ್ನ ಬಾಯಿಂದ ಹೇಳಲಾಗದ ಮಾತು ಅದರಲ್ಲಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಜೋಗಪ್ಪಗಳ ವಿಷಯ. ಗಂಡಾಗಿ ಹುಟ್ಟಿ ಹೆಣ್ಣಿನ ಭಾವದಲ್ಲಿ ಬದುಕುವವರಿಗೆ ಎಲ್ಲಮ್ಮನೂ ಹುಲಿಗೆಮ್ಮನೂ ಒಂದು ಹೆಸರು, ಒಂದು ಸ್ಥಾನ ಕೊಟ್ಟಿದ್ದಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಆದರೂ ಮಗ ಹೆಣ್ಣಿನಂತೆ ನಡೆಯುತ್ತಾನೆ, ‘ಸರಿಮಾಡಿ ಕೊಡಿ’ ಎಂದು ಪಾಲಕರು ಇಂದಿಗೂ ಸಮಾಲೋಚಕರ ಬಳಿ ಬರುತ್ತಾರೆ. ಸಮುದಾಯದ ನೈತಿಕ, ಸಾಮಾಜಿಕ, ಧಾರ್ಮಿಕ ಮೌಲ್ಯಗಳಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮನೋರೋಗಿ ಎನ್ನುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಇಂಥವರನ್ನು ‘ಬದಲಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಹಾಗೆಂದು ಸಂಪ್ರದಾಯವನ್ನು ಪೂರ್ತಿ ಹೊಗಳುವಂತೆಯೂ ಇಲ್ಲ. ಮುತ್ತು ಕಟ್ಟುವ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಟ್ಟದ್ದೂ ಇದೇ ದೇವಿಯರ ಹೆಸರಿನಲ್ಲಿ. ಅದನ್ನು ತಡೆಯುವ ಕಾಯ್ದೆ ಬಂದದ್ದು 1982ರಲ್ಲಿ. ದೇವದಾಸಿ ತಾಯಿಯ ಮಗಳು ಶಾಲೆಯಲ್ಲಿ ಅಪ್ಪನ ಹೆಸರು ಕೇಳಿದಾಗ ತಲೆ ತಗ್ಗಿಸಿದ್ದನ್ನು ನೆನೆದು ಅಳುವಾಗ, ಅವಳ ಮುಂದೆ ಸಂಪ್ರದಾಯದ ಹಿರಿಮೆ ಹೇಳುವುದು ಕ್ರೌರ್ಯ.

ಮಾಲೆಯ ದಿನಗಳು

ನಡವಳಿಕೆಯ ವಿಷಯಕ್ಕೆ ಬಂದರೆ, ನನಗೆ ಅತ್ಯಂತ ಕುತೂಹಲದ್ದೆನಿಸುವುದು ಮಾಲೆಯ ದಿನಗಳು. ಅಯ್ಯಪ್ಪನ ಮಾಲೆ ಇರಬಹುದು, ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯಲ್ಲಿ ವಿಸರ್ಜಿಸುವ ಹನುಮ ಮಾಲೆ ಇರಬಹುದು. ದಿನವೂ ಕುಡಿಯುತ್ತಿದ್ದ ಗಂಡಸು ಮಾಲೆ ಹಾಕಿದ ದಿನದಿಂದ ಹನಿಯೂ ಮುಟ್ಟುವುದಿಲ್ಲ. ಬುದ್ಧಿವಾದ, ಜಗಳ, ಹೆಂಡತಿಯ ಕಣ್ಣೀರು ಮಾಡದ್ದನ್ನು ಒಂದು ಮಣಿಸರ ಮಾಡಿತು ಎಂದು ಮನೆಯವರು ಬೆರಗಾಗುತ್ತಾರೆ. ಮಾಲೆ ತೆಗೆದ ಸಂಜೆ ಮತ್ತೆ ಅದೇ ಅಂಗಡಿ. ಆಗ ‘ಇವನದು ಬರೀ ನಾಟಕ’ ಎಂದು ಬೈಯುತ್ತಾರೆ.

ಸಮಾಲೋಚಕರು ಬೈಯುವ ಬದಲು ಬಿಡಿಸಿ ನೋಡಬೇಕು. ಮಾಲೆಯ ದಿನಗಳಲ್ಲಿ ಏನೇನು ಬದಲಾಯಿತು? ಬೆಳಗಿನ ಜಾವ ಎದ್ದ, ತಣ್ಣೀರು ಮಿಂದ, ಸಂಜೆ ಆರರಿಂದ ಎಂಟರವರೆಗಿನ ಕುಡಿಯುವ ಹೊತ್ತಿಗೆ ಸರಿಯಾಗಿ ಭಜನೆಯಲ್ಲಿದ್ದ, ಗೆಳೆಯರ ಗುಂಪು ಬದಲಾಯಿತು, ಬಟ್ಟೆಯ ಬಣ್ಣವೇ ‘ಇವನನ್ನು ಕರೆಯಬೇಡಿ’ ಎಂದು ಹಳೆಯ ಗುಂಪಿಗೆ ಹೇಳಿತು. ಎಲ್ಲಕ್ಕಿಂತ ದೊಡ್ಡದು, ಊರೆಲ್ಲ ಅವನನ್ನು ‘ಸ್ವಾಮಿ’ ಎಂದು ಕರೆಯಿತು. ‘ಕುಡುಕ’ ಎಂದು ಕರೆಸಿಕೊಳ್ಳುತ್ತಿದ್ದವನಿಗೆ ಹೆಂಡತಿ ಮಕ್ಕಳೂ ಬಹುವಚನ ಹಚ್ಚಿದರು. ನಡವಳಿಕೆ ಚಿಕಿತ್ಸೆಯ ಪುಸ್ತಕಗಳು ಹೇಳುವ ಎಲ್ಲವೂ ಇದರಲ್ಲಿದೆ: ಪ್ರಚೋದನೆಯಿಂದ ದೂರ, ಬದಲಿ ಚಟುವಟಿಕೆ, ಜೊತೆಗಾರರ ಬೆಂಬಲ, ಹೊಸ ಗುರುತು. ಇಲ್ಲದ್ದು ಒಂದೇ, ಮಾಲೆ ತೆಗೆದ ಮರುದಿನದ ಯೋಜನೆ. “ಸ್ವಾಮಿಯಾಗಿದ್ದಾಗಿನ ಯಾವ ಎರಡು ರೂಢಿಗಳನ್ನು ಉಳಿಸಿಕೊಳ್ಳುತ್ತೀರಿ? ಮೊದಲ ಸಂಜೆ ಆರು ಗಂಟೆಗೆ ಎಲ್ಲಿರುತ್ತೀರಿ?” ಎಂದು ವಿಸರ್ಜನೆಗೆ ಮೊದಲೇ ಕುಳಿತು ಮಾತಾಡಿದರೆ ನಂಬಿಕೆ ಕಟ್ಟಿದ ಒಡ್ಡಿನ ಮೇಲೆ ಸಮಾಲೋಚನೆ ಇನ್ನೊಂದು ಸಾಲು ಕಲ್ಲು ಇಡಬಹುದು. ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಬಹುಕಾಲದಿಂದ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಬಹುದು. ಅದು ಜೀವಕ್ಕೇ ಅಪಾಯ. ಅಂಥವರು ಮಾಲೆ ಹಾಕುವ ಮೊದಲು ವೈದ್ಯರನ್ನು ಕಾಣಬೇಕು ಎಂಬ ಮಾತು ಗುರುಸ್ವಾಮಿಗಳ ಬಾಯಿಂದ ಬಂದರೆ ಹೆಚ್ಚು ನಾಟುತ್ತದೆ.

ಸಣ್ಣ ಚಟುವಟಿಕೆಯಿಂದ ಮನಸ್ಸನ್ನು ಎತ್ತುವ ದಾರಿಗೆ ಗಟ್ಟಿ ಆಧಾರವಿದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯುಳ್ಳವರ ಜೊತೆ ಆರರಿಂದ ಎಂಟು ಭೇಟಿ ಮಾಡಿಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅದು ಫಲ ಕೊಟ್ಟಿತ್ತು. ಅಲ್ಲಿನ ತಿರುಳು ಇಷ್ಟೇ: ಬಿಟ್ಟುಹೋದ ಕೆಲಸ, ನಂಟು, ಸಂತೋಷಗಳನ್ನು ಒಂದೊಂದಾಗಿ ಮತ್ತೆ ಕೈಗೆತ್ತಿಕೊಳ್ಳುವುದು. ಬೆಳಿಗ್ಗೆ ಎದ್ದು ಅಂಗಳ ಕಸ ಹೊಡೆಯುವುದು, ಎಮ್ಮೆಗೆ ಮೇವು ಹಾಕುವುದು, ವಾರಕ್ಕೊಮ್ಮೆ ಸಂತೆಗೆ ಹೋಗುವುದು ಇವೆಲ್ಲ ನಮ್ಮಲ್ಲಿ ಔಷಧಿಯಾಗಬಲ್ಲವು.

ಆದರೆ ನಡವಳಿಕೆಯ ನಮೂನೆಗಳನ್ನು ನೆಲದ ಹಂಗಿಲ್ಲದೆ ಓದಲಾಗದು. ರಾಯಚೂರು, ಕೊಪ್ಪಳದ ಮಳೆಯಾಧಾರಿತ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಎರಡು ಭೇಟಿಗೆ ಬಂದು ಮೂರನೆಯದಕ್ಕೆ ಬಾರದ ಮಹಿಳೆಯನ್ನು ‘ಅರ್ಧಕ್ಕೇ ಬಿಟ್ಟವರು’ ಎಂಬ ಲೆಕ್ಕಕ್ಕೆ ಹಾಕುತ್ತಾರೆ. ಅವಳು ಎಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾಳೆ. ಅಜ್ಜಿಯ ಬಳಿ ಉಳಿದ ಮಗನನ್ನು ಶಾಲೆಯಲ್ಲಿ ಹಠಮಾರಿ ಎನ್ನುತ್ತಾರೆ. ಅಪ್ಪ ಅಮ್ಮ ಯಾವಾಗ ಬರುತ್ತಾರೆ ಎಂದು ತಿಳಿಯದ ಮಗು ಹಠ ಮಾಡದೆ ಇನ್ನೇನು ಮಾಡೀತು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ, ಸಿಂಧನೂರು, ಮಾನ್ವಿಯವರೆಗಿನ ಕಾಲುವೆಯ ರೈತರು ನಿದ್ದೆಗೆಟ್ಟರು. ಆ ನಿದ್ದೆಗೇಡಿಗೆ ಕಾಯಿಲೆಯ ಹೆಸರು ಕೊಡುವ ಮೊದಲು ಕಾಲುವೆಯ ನೀರಿನ ಸುದ್ದಿ ತಿಳಿದಿರಬೇಕು. ಭೇಟಿಯ ದಿನಾಂಕ ಕೊಡುವಾಗ ನಾಟಿ, ಹತ್ತಿ ಬಿಡಿಸುವ ಕಾಲ, ಜಾತ್ರೆ, ಗುಳೆ ಇವುಗಳ ಪಂಚಾಂಗ ಮೇಜಿನ ಮೇಲಿರಬೇಕು. ಗುಳೆ ಹೊರಟವರ ಕೈಯಲ್ಲಿ 14416 ಎಂದು ಬರೆದ ಚೀಟಿ ಇರಬೇಕು.

ಇನ್ನೊಂದು ಭಯವನ್ನೂ ಬಗೆಹರಿಸಬೇಕಿದೆ. ಸಾಯಲು ಯತ್ನಿಸಿದವರ ಮನೆಯವರು ‘ಕೇಸ್ ಆಗುತ್ತದೆ’ ಎಂದು ಹೆದರಿ ಸುಳ್ಳು ಹೇಳುತ್ತಾರೆ, ಅದರಿಂದ ಸಮಾಲೋಚನೆಯೇ ತಪ್ಪಿಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಎನ್ನುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಯಲು ಯತ್ನಿಸುವುದನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಇಲ್ಲ. ಈ ಸಂಗತಿ ಆಶಾ ಕಾರ್ಯಕರ್ತೆಯರ ಮೂಲಕ ಪ್ರತಿ ಓಣಿಗೂ ಮುಟ್ಟಬೇಕು.

ಸಮಾಲೋಚಕರ ತರಬೇತಿಯಲ್ಲಿ ಏನು ಸೇರಬೇಕು ಎಂದು ನನ್ನನ್ನು ಕೇಳಿದರೆ, ಮೊದಲು ಅವರಿಂದಲೇ ಬರೆಸುವ ಒಂದು ಹಾಳೆ ಎನ್ನುತ್ತೇನೆ. ‘ಜಾತಿ ಬಿಟ್ಟು ಮದುವೆಯಾದವರು ನನ್ನೆದುರು ಕುಳಿತರೆ ನನ್ನ ಮುಖ ಹೇಗಾಗುತ್ತದೆ? ಗಂಡನನ್ನು ಬಿಡಲು ಹೊರಟವಳ ಬಗ್ಗೆ ನನ್ನ ಮೊದಲ ಅನಿಸಿಕೆ ಏನು? ಮೈಮೇಲೆ ದೇವರು ಬರುತ್ತದೆ ಎಂದವರನ್ನು ಕಂಡು ನನಗೆ ನಗು ಬರುತ್ತದೆಯೇ, ಕೈಮುಗಿಯುವ ಮನಸ್ಸಾಗುತ್ತದೆಯೇ?’ ಯಾವ ಉತ್ತರವಿದ್ದರೂ ಅದು ಅವರಿಗೆ ಗೊತ್ತಿರಲಿ. ತಿಂಗಳಿಗೊಮ್ಮೆ ಹಿರಿಯ ಸಮಾಲೋಚಕರೊಬ್ಬರ ಮುಂದೆ ತಮ್ಮ ತೊಡಕುಗಳನ್ನು ಹೇಳಿಕೊಳ್ಳುವ ವ್ಯವಸ್ಥೆ ಬೇಕು. ಜೆ.ಎಸ್. ನೇಕಿ ಎಂಬ ಮನೋವೈದ್ಯರು 1973ರಲ್ಲಿ, ಭಾರತದಲ್ಲಿ ಚಿಕಿತ್ಸಕ ಮತ್ತು ರೋಗಿಯ ನಂಟಿಗೆ ಗುರು ಶಿಷ್ಯ ಸಂಬಂಧವೇ ಮಾದರಿಯಾಗಬಹುದೇ ಎಂದು ಕೇಳಿದ್ದರು. ಜನ ನಮ್ಮನ್ನು ಗುರುಸ್ಥಾನದಲ್ಲಿ ಕೂರಿಸುವುದಂತೂ ನಿಜ. ಆ ಸಲಿಗೆಯಿಂದ ಸಿಗುವ ವಿಶ್ವಾಸವನ್ನು ಬಳಸಬಹುದು. ಆ ಪೀಠದಿಂದ ಮಂತ್ರ, ವ್ರತ, ಪ್ರಾರ್ಥನೆ ಕೊಡತೊಡಗಿದರೆ ಸರ್ಕಾರದ ಸಂಬಳ ಪಡೆಯುವ ಪೂಜಾರಿಗಳನ್ನು ಸೃಷ್ಟಿಸಿದಂತಾಗುತ್ತದೆ. ನಾನು ಅದನ್ನು ಬಲವಾಗಿ ವಿರೋಧಿಸುತ್ತೇನೆ. ಎದುರಿಗಿರುವವರ ದೇವರು ಸಮಾಲೋಚಕರ ದೇವರಾಗಿರಬೇಕಿಲ್ಲ.

ಭಾಷೆಯ ಮಾತೂ ಇದೆ. ಬಳ್ಳಾರಿಯಲ್ಲಿ ತೆಲುಗು, ರಾಯಚೂರಿನಲ್ಲಿ ಉರ್ದು ಮತ್ತು ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರು ಅಳುವುದು ತಮ್ಮ ನುಡಿಯಲ್ಲೇ. ಜಾಹೀರಾತಿನಲ್ಲಿ ಸ್ನಾತಕೋತ್ತರ ಪದವಿ ಕೇಳುವ ಸಂಸ್ಥೆಗಳು ಇದನ್ನೂ ಕೇಳಲಿ.

ಸದ್ಯಕ್ಕೆ, ಖರ್ಚಿಲ್ಲದೆ ಆಗಬಹುದಾದದ್ದು ಒಂದಿದೆ. ಕೇಸ್ ಹಾಳೆಯಲ್ಲಿ ಹೆಸರು, ವಯಸ್ಸು, ಊರು ಬರೆಯುವ ಜಾಗದ ಕೆಳಗೆ ಒಂದು ಸಾಲು ಸೇರಿಸಬೇಕು: ‘ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿಗೆ ಹೋಗಿದ್ದಿರಿ? ಅಲ್ಲಿ ಏನು ಹೇಳಿದರು? ಅದರಿಂದ ಏನು ಹಗುರವಾಯಿತು?’ ಕೇಳುವ ದನಿಯಲ್ಲಿ ತಾತ್ಸಾರವಿರಬಾರದು. ಮಗಳ ಕೈ ಹಿಡಿದುಕೊಂಡು ಬಂದ ತಾಯಿ ಒಂದು ಗಳಿಗೆ ತಡೆದು, ಕೈಚೀಲದಿಂದ ಭಂಡಾರದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರೆ, ಅದರ ಪಕ್ಕದಲ್ಲೇ ಮಾತ್ರೆಯ ಚೀಟಿಯನ್ನೂ ಇಟ್ಟುಕೊಂಡು, ಮಗಳ ಕಡೆಗೆ ತಿರುಗಿ, ಮಾತು ಶುರುಮಾಡಬಹುದು.